ಗಾಳದ ಹುರಿಗೆ ಸೇರಿದ ಕೂದಲು

“ಬೇರೆ ಕೋಲು ತಗೊಳ್ಳಿ ಅಳಿಯಂದ್ರೇ. ಅದನ್ನ ಅಟ್ಟದ ಮೇಲೇ ಬಿಡಿ,” ಎಂದಳು ಅತ್ತೆ ತೊಮೆ.

ಸೆಯಿಕಿಚಿ ನಕ್ಕುಬಿಟ್ಟ. ಬಯಲಿನ ಪೇಟೆಯಿಂದ ಈ ಕಣಿವೆಗೆ ಮನೆಯಳಿಯನಾಗಿ ಬಂದವನು ಅವನು. ಮಾವ ತೀರಿಕೊಂಡ ಮೇಲೆ ಬಿಸಿನೀರ ಬುಗ್ಗೆಯ ಛತ್ರಗಳಿಗೆ ತೊರೆಯ ಇವಾನಾ ಮೀನು ಹಿಡಿದು ಕೊಡುವ ಕೆಲಸ ಅವನ ಹೆಗಲಿಗೆ ಬಿದ್ದಿತ್ತು. ಅಟ್ಟದಲ್ಲಿ ಸಿಕ್ಕಿದ್ದು ಮಾವನ ಅಪ್ಪನ ಬಿದಿರಿನ ಗಾಳದ ಕೋಲು. ಹೊಗೆ ಕುಡಿದು ಕರ್ರಗಾಗಿತ್ತು, ಹಳಸಿದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಹುರಿ ಇರಲಿಲ್ಲ.

“ಹಾಕಲೇಬೇಕು ಅಂದ್ರೆ ಕುದುರೆ ಕೂದಲಿನ ಹುರಿ ಹಾಕಿ. ಈ ಮನೇಲಿ ಹುಟ್ಟಿದವರ ಕೂದಲು ಒಂದೆಳೆನೂ ಸೇರಬಾರದು. ಈ ಕೋಲಿನ ಯಜಮಾನ ನಮ್ಮ ಮಾವ, ಕುದುರೆ ಕೂದಲು ಸಾಲದೆ, ಕಾಯಿಲೆ ಮಲಗಿದ್ದ ಹೆಂಡತಿ ಜಡೆನೇ ಕತ್ತರಿಸಿ ಹೊಸೆದ್ರು. ಆಯಮ್ಮ ಸಾಯೋವಾಗ ಈ ಕೋಲು ಹಿಡ್ಕೊಂಡೇ ಶಾಪ ಹಾಕಿದ್ಲು. ನಿನ್ನ ಸಂತಾನದ ಕೂದಲು ಇದಕ್ಕೆ ಸೇರಿದ ದಿನ ಮೀನು ನಿನ್ನ ಸಂತಾನವನ್ನೇ ಎಳೀಲಿ ಅಂತ.”

“ಮೀನಿಗೆ ನಮ್ಮ ವಂಶಾವಳಿ ಬೇರೆ ಗೊತ್ತಾ ಅತ್ತೆ?”

ತೊಮೆ ಎದ್ದು ಹಿತ್ತಲಿಗೆ ಹೋದಳು. ಕೇಳಿಸಿಕೊಳ್ಳದವನಿಗೆ ಎಷ್ಟು ಹೇಳಿದರೂ ಅಷ್ಟೇ.

ಕೋಲಿಗೆ ಹುರಿ ಹೊಂದಿಸುವುದು ಮಾತ್ರ ಸುಲಭವಾಗಿರಲಿಲ್ಲ. ಬಿಳಿ ಗಂಡುಕುದುರೆಯ ಬಾಲದ ಕೂದಲು ತಂದು ತೊಡೆಯ ಮೇಲೆ ಹೊಸೆದ. ಒಂದೊಂದು ತುಂಡು ಕೂದಲಿನ ಉದ್ದಕ್ಕಷ್ಟೇ ಬರುತ್ತದೆ, ತುಂಡಿಗೆ ತುಂಡು ಗಂಟು ಹಾಕುತ್ತ ಹೋಗಬೇಕು. ದಪ್ಪ ಹೊಸೆದರೆ ಕೋಲು ಸೊಂಟ ಬಿದ್ದ ಮುದುಕನಂತೆ ಬಗ್ಗಿತು. ತೆಳ್ಳಗೆ ಹೊಸೆದರೆ ಹುಳುವಿನಂತೆ ಕಾಣಲು ಗರಿ ಕಟ್ಟಿದ ಗಾಳ ಮುಂದಕ್ಕೇ ಹೋಗಲಿಲ್ಲ. ಬಿಚ್ಚಿದ, ಮತ್ತೆ ಹೊಸೆದ. ಕೊನೆಗೆ ಎಲ್ಲ ಸರಿಹೋಯಿತು ಎನ್ನುವಾಗ ನಡುವಿನ ಒಂದು ತುಂಡಿಗೆ ಒಂದೇ ಒಂದು ಎಳೆ ಕಡಿಮೆ ಬಿತ್ತು.

ಪಕ್ಕದಲ್ಲಿ ಮಗಳು ಫುಮಿ ತಲೆ ಬಾಚಿಕೊಳ್ಳುತ್ತಿದ್ದಳು. ನೀಳ ಕೂದಲು.

“ಒಂದೆಳೆ ಸಾಲ ಕೊಡ್ತೀಯೇನೇ?”

“ನೋಯಿಸಬೇಡ ಅಪ್ಪ,” ಎಂದು ನಗುತ್ತ ತಲೆ ಬಗ್ಗಿಸಿದಳು.

ಅತ್ತೆ ಹಿತ್ತಲಲ್ಲಿದ್ದಳು. ಅವನು ಪಟ್ಟೆಂದು ಕಿತ್ತ.

ಆ ಮಧ್ಯಾಹ್ನ ಮನೆಯ ಕೆಳಗಿನ ಮಡುವಿನಲ್ಲಿ ಹುರಿ ಬೀಸಿದಾಗ ಕೋಲಿಗೆ ಜೀವ ಬಂತು. ಹುರಿ ಗಾಳಿಯಲ್ಲಿ ಸುಯ್ ಎಂದು ಬಿಡಿಸಿಕೊಂಡಿತು, ಗಾಳ ಸದ್ದಿಲ್ಲದೆ ನೀರಿಗಿಳಿಯಿತು. ಇಂಥ ಕೋಲನ್ನು ಅಟ್ಟಕ್ಕೆ ಎಸೆದಿದ್ದರಲ್ಲ ಈ ಮೂಢರು!

ಮಂಜು ಇಳಿಯಿತು. ಹಕ್ಕಿಗಳ ಸದ್ದು ನಿಂತಿತು. ನೀರಿನಿಂದ ಕಾಯಿಲೆಯ ಹಾಸಿಗೆಯ ಮುಗ್ಗಲು ವಾಸನೆ ಎದ್ದಿತು. ಆಗ ಮೀನು ಕಚ್ಚಿತು.

ಅದೇ ಗಳಿಗೆಗೆ ಮೇಲೆ ಮನೆಯಲ್ಲಿ ಫುಮಿ ಕಿರುಚಿದಳು.

ಮೀನು ಜಗ್ಗಿತು. ಮತ್ತೆ ಕಿರುಚು, ಈ ಸಲ ಹತ್ತಿರದಲ್ಲಿ. ಮಂಜಿನೊಳಗಿಂದ ಮಗಳು ಇಳಿದು ಬಂದಳು. ತಲೆ ಮುಂದೆ, ಮೈ ಹಿಂದೆ. ಯಾರೋ ಜುಟ್ಟು ಹಿಡಿದು ಎಳೆಯುತ್ತಿದ್ದಂತೆ ಕೂದಲು ಮಡುವಿನ ಕಡೆಗೆ ನೆಟ್ಟಗೆ ಚಾಚಿತ್ತು. ಹೆಂಡತಿ ಇಸೊ ಮಗುವಿನ ಸೊಂಟ ತಬ್ಬಿಕೊಂಡು ತಾನೂ ಜಾರುತ್ತ ಬಂದಳು. ಸೆಯಿಕಿಚಿ ಒಂದು ಕೈಯಲ್ಲಿ ಕೋಲು ಬಿಗಿಹಿಡಿದ. ಸೊಂಟದ ಚಾಕು ಹಿರಿದ.

“ಕತ್ತರಿಸಬೇಡಿ!” ತೊಮೆ ದಡದ ಮೇಲಿಂದ ಕೂಗಿದಳು. “ಹುರಿ ಕಡಿದ್ರೆ ಮಗು ಉಸಿರೂ ಕಡಿಯುತ್ತೆ! ಕೋಲು ಬಿಡ್ದೆ ಮೀನನ್ನ ದಡಕ್ಕೆ ತನ್ನಿ, ಆಗ ಶಾಪ ಬಿಡುತ್ತೆ!”

“ಬರ್ತಿಲ್ಲ ಅತ್ತೆ! ಬರ್ತಿಲ್ಲ! ನನ್ನ ಕೂದಲು ಕಟ್ಟಿ, ನನ್ನನ್ನ ಎಳ್ಕೊಳ್ಳಲಿ!”

“ನೀವೂ ನಾನೂ ಹೊರಗಿನವರು. ನಮ್ಮದು ಅದಕ್ಕೆ ಬೇಡ.”

ಫುಮಿಯ ಗಲ್ಲ ನೀರಿಗೆ ತಾಗಿತು.

ಈ ಮನೆಯಲ್ಲೇ ಹುಟ್ಟಿದ ಇಸೊ ಮಗಳನ್ನು, ಇಳಿದು ಬಂದ ತನ್ನ ಅಮ್ಮ ತೊಮೆಯ ಕೈಗೆ ಕೊಟ್ಟಳು. ನೀರಿಗಿಳಿದು ಬಿಗಿದ ಹುರಿಯನ್ನು ಹಿಡಿದಳು. ಮುಡಿ ಬಿಚ್ಚಿ ಒಂದು ಹಿಡಿ ಕೂದಲು ಕಿತ್ತಳು, ಹೊಸೆದಳು. ಮಗಳ ಎಳೆ ಇದ್ದ ತುಂಡಿನ ಮೇಲಿನ ಗಂಟಿಗೆ ಒಂದು ತುದಿ. ಕೆಳಗಿನ ಗಂಟಿಗೆ ಇನ್ನೊಂದು ತುದಿ ಕಟ್ಟಿದಳು. ಈ ಕಣಿವೆಯಲ್ಲಿ ಮೀನು ಸಿಕ್ಕಿರುವಾಗಲೇ, ಹುರಿ ಎಲ್ಲೂ ಕಡಿಯದಂತೆ, ಸವೆದ ತುಂಡು ಬದಲಿಸುವುದು ಹೀಗೆಯೇ.

“ಬೇಡ ಇಸೊ...”

“ಮಗು ನೋಡ್ರೀ,” ಎಂದು ನಡುವಿನ ಆ ತುಂಡನ್ನು ಹಲ್ಲಿನಿಂದ ಕಡಿದಳು.

ಫುಮಿಯ ಕೂದಲು ಭುಜಕ್ಕೆ ಬಿತ್ತು. ಮಗು ಉಸಿರಾಡಿತು.

ಇಸೊಳ ತಲೆಯನ್ನು ಮಡು ತನ್ನತ್ತ ಸೆಳೆಯಿತು. ಸೊಂಟದವರೆಗೆ ನೀರು. ಎದೆಯವರೆಗೆ.

“ಕೋಲು ಬಿಡಬೇಡಿ!” ಅವಳ ಬಾಯಿಗೆ ನೀರು ನುಗ್ಗಿತು. “ಎಳೀರಿ!”

ಎಳೆದ. ಮಣಿಕಟ್ಟು ಉರಿಯಿತು. ಮೀನು ಒಂದು ಮೊಳ ಬಂತು. ಬರುತ್ತದೆ, ಬರುತ್ತದೆ! ಆಗ ಇಸೊ ಮುಳುಗಿದಳು. ಕೈ ಮಾತ್ರ ಮೇಲಿತ್ತು, ಮಾರು ದೂರದಲ್ಲಿ. ತನ್ನ ತೋಳಿಗಿಂತ ಒಂದು ಹಿಡಿ ಕೂದಲು ಗಟ್ಟಿಯೇ? ಆ ಗಳಿಗೆಯಲ್ಲೂ ಅವನಿಗೆ ನಂಬಿಕೆ ಬರಲಿಲ್ಲ. ಕೋಲು ಬಿಸುಟು ಹಾರಿದ. ಅವಳ ಕೈ ಹಿಡಿದ. ಎರಡೂ ಕೈಯಿಂದ ಹಿಡಿದ.

ಕೋಲು ಸರ್ರನೆ ಅವನ ಪಕ್ಕದಲ್ಲೇ ಆಳಕ್ಕೆ ಹೋಯಿತು. ಅದರ ಹಿಂದೆಯೇ ಅವನ ಕೈಯೊಳಗಿನ ಕೈ ಜಾರಿತು.

ಸಂಜೆಗೆ ಊರವರು ಕೊಕ್ಕೆ ಹಾಕಿ ಅವಳನ್ನು ಮೇಲೆತ್ತಿದರು. ಹುರಿ ಜೊತೆಗೇ ಬಂತು. ಸೆಯಿಕಿಚಿ ತುದಿಯಿಂದ ತುದಿಗೆ ಬೆರಳಾಡಿಸಿ ನೋಡಿದ. ಇಸೊ ಹಾಕಿದ ಗಂಟುಗಳು ಹಾಗೇ ಇದ್ದವು. ಅವನು ಹೊಸೆದ ಒಂದು ತುಂಡೂ ಕಿತ್ತುಹೋಗಿರಲಿಲ್ಲ. ಕೋಲು ಬಿಡದೆ ಹಿಡಿದಿದ್ದರೆ ಹುರಿ ತಡೆಯುತ್ತಿತ್ತು.