ಚುಕ್ಕಿ ಇಲ್ಲದ ಇಪ್ಪತ್ತು

2025ರ ಮೇ 16, ಶುಕ್ರವಾರ. ಬೆಳಿಗ್ಗೆ 10.40ಕ್ಕೆ ರಾವ್ನಿ ಬ್ರೋದ್ ಪಟ್ಟಣದ ಪೊಲೀಸ್ ಠಾಣೆಗೆ ಸ್ಮಿಲ್ಯಾ ಗವ್ರೊವಿಚ್ ಎಂಬ ಮಹಿಳೆ ಬಂದರು. ಬೇಕರಿಯ ಏಪ್ರನ್ ಬಿಚ್ಚಿರಲಿಲ್ಲ, ಮೊಣಕೈವರೆಗೆ ಹಿಟ್ಟಿತ್ತು. ತಾಂತ್ರಿಕ ಶಾಲೆಯ ಕೊನೆಯ ವರ್ಷದಲ್ಲಿರುವ ಮಗಳು ನೆವೆನಾ ಪ್ರಾಯೋಗಿಕ ಪರೀಕ್ಷೆಯ ವೇಳೆ ಗಾಯಗೊಂಡು ಆಸ್ಪತ್ರೆಯಲ್ಲಿದ್ದಾಳೆ. ಶಾಲೆಯವರು ಅಪಘಾತ ಅನ್ನುತ್ತಾರೆ. ಮಗಳು ಒಪ್ಪುತ್ತಿಲ್ಲ. ಇದು ದೂರು.

"ಯಾಕೆ ಒಪ್ತಿಲ್ಲ?" ಇನ್ಸ್‌ಪೆಕ್ಟರ್ ದೇಸಾಂಕಾ ವುಯಿಚಿಚ್ ಕೇಳಿದರು.

"ಯಂತ್ರದಲ್ಲಿದ್ದ ಅಂಕಿ ತನ್ನದಲ್ಲವಂತೆ. ಅದೊಂದೇ ಮಾತು ಮೇಡಂ. ಇಂಜೆಕ್ಷನ್ ಕೊಡೋಕೂ ಬಿಡ್ತಿಲ್ಲ, ನಿದ್ದೆ ಬಂದ್ರೆ ಹೇಳೋಕಾಗಲ್ಲ ಅಂತಾಳೆ."

ದೂರು ದಾಖಲಾಯಿತು. 11.15ಕ್ಕೆ ದೇಸಾಂಕಾ ಮತ್ತು ಕಾನ್‌ಸ್ಟೇಬಲ್ ರಾದೊಯ್ಕೊ ಶಾಲೆಯ ವರ್ಕ್‌ಶಾಪ್ ತಲುಪಿದರು. ರಾದೊಯ್ಕೊ ಇದೇ ಶಾಲೆಯಲ್ಲಿ ಮೂರು ವರ್ಷ ಟರ್ನರ್ ಕೆಲಸ ಕಲಿತು, ಆಮೇಲೆ ಪೊಲೀಸ್ ಸೇರಿದವನು.

ಮೇಜುಗಳ ಮೇಲೆ ಲೋಹ ಕಡೆಯುವ ಎಂಟು ಪುಟ್ಟ ಕಂಪ್ಯೂಟರ್ ಲೇತ್‌ಗಳಿದ್ದವು. ಒಂದೊಂದೂ ಅಡುಗೆಮನೆಯ ಓವನ್ನಿನಷ್ಟು ಗಾತ್ರ. ಜನವರಿಯಲ್ಲಿ ಬಂದ ಯಂತ್ರಗಳು. ನಾಲ್ಕನೆಯದರ ಪಾರದರ್ಶಕ ಮುಚ್ಚಳ ಒಡೆದಿತ್ತು, ನೆಲದಲ್ಲಿ ರಕ್ತವಿತ್ತು. ಮಹಜರಿನಲ್ಲಿ ಬರೆದುಕೊಂಡದ್ದು ಇಷ್ಟು: ನೆವೆನಾ 9.20ಕ್ಕೆ ಸ್ಟಾರ್ಟ್ ಒತ್ತಿದ್ದಾಳೆ. ಟೂಲು ಜಾಬನ್ನು, ಅಂದರೆ ಕಡೆಯಬೇಕಾದ ಉಕ್ಕಿನ ತುಂಡನ್ನು, ಸವರುವ ಬದಲು ನೇರ ಒಳಕ್ಕೆ ನುಗ್ಗಿದೆ. ಬಿಗಿಹಿಡಿದಿದ್ದ ಚಕ್ಕಿನಿಂದ ಕಿತ್ತುಬಂದ ಜಾಬ್ ಮುಚ್ಚಳ ಒಡೆದು, ತುರ್ತು ನಿಲುಗಡೆ ಗುಂಡಿಯ ಮೇಲಿದ್ದ ಅವಳ ಬಲಗೈಗೆ ಬಡಿದಿದೆ. ಎರಡು ಬೆರಳು ಮುರಿದಿವೆ, ಸ್ನಾಯುರಜ್ಜು ಹರಿದಿದೆ. ಹಿಡಿತ ಮರಳುತ್ತದೆಯೇ ಎಂದು ವೈದ್ಯರು ಹೇಳುತ್ತಿಲ್ಲ.

ಟೂಲಿನ ತುದಿ ಸವೆದಾಗ ಕೂದಲೆಳೆಯಷ್ಟು ಸರಿಪಡಿಸಿಕೊಳ್ಳಲು ಯಂತ್ರದಲ್ಲಿ ತಿದ್ದುಪಡಿ ಪಟ್ಟಿಯೊಂದು ಇರುತ್ತದೆ. ಗುರುವಾರ ಸಂಜೆ ಐದಕ್ಕೆ ನೆವೆನಾ ಎಲ್ಲ ಟೂಲು ಹೊಂದಿಸಿ ಹೋದಾಗ ಮೂರನೇ ಟೂಲಿನ ಎದುರು ಸೊನ್ನೆ ಇತ್ತು. ಅವಳ ಹಾಳೆಯಲ್ಲೂ ಹಾಗೇ ಇದೆ. ಈಗ ಪರದೆಯ ಮೇಲೆ ಮೈನಸ್ 20.000 ಇತ್ತು. ಇಪ್ಪತ್ತು ಮಿಲಿಮೀಟರ್.

ವರ್ಕ್‌ಶಾಪ್‌ನ ಮೇಷ್ಟ್ರು ವುಕೊಮಾನ್ ತೆರ್ಜಿಚ್ ಅವರಿಗೆ ಅರವತ್ತನಾಲ್ಕು. ಪಕ್ಕದ ಕೋಣೆಯಲ್ಲಿ ಕೂತಿದ್ದರು. ಇವರನ್ನು ಕಂಡು ಬಾಟಲಿ ತೆಗೆದರು.

"ಡ್ಯೂಟಿ ಮೇಲಿದೀವಿ ಮೇಷ್ಟ್ರೇ," ಎಂದ ರಾದೊಯ್ಕೊ.

"ನನ್ನ ಹತ್ರ ಕಲೀವಾಗ ನೀನೇನು ಕಡಿದು ಹಾಕಿದ್ದೆ ಅಂತ ನೆನಪಿದೆ ಬಿಡೋ." ನಗಲು ನೋಡಿದರು, ಆಗಲಿಲ್ಲ. "ಮಗು ಹೇಗಿದೆ?"

"ಮೂರು ಗಂಟೆಗೆ ಆಪರೇಷನ್," ಎಂದರು ದೇಸಾಂಕಾ. "ಯಾರ ಮೇಲಾದರೂ ಅನುಮಾನ ಇದೆಯೇ?"

ಮೇಷ್ಟ್ರು ಗ್ಲಾಸನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತರು. "ಹೇಳಬಾರದು. ಒಗ್ನೆನ್ ಅಂತ ಒಬ್ಬ ಇದಾನೆ. ಯಾವಾಗಲೂ ಅವಳ ಹಿಂದೆ ಎರಡನೇ ಸ್ಥಾನ. ಸ್ವಲ್ಪ ಹೊಟ್ಟೆಕಿಚ್ಚು."

ಕಾವಲುಗಾರನ ಪುಸ್ತಕದಲ್ಲಿ ಗುರುವಾರ ಸಂಜೆ 6.35ಕ್ಕೆ ವರ್ಕ್‌ಶಾಪ್ ಕೀ ಪಡೆದವನು ಒಗ್ನೆನ್ ಎಂದೇ ಇತ್ತು. ವಾಪಸ್ ಕೊಟ್ಟ ಹೊತ್ತು ಬರೆದಿರಲಿಲ್ಲ. ಸೋಮವಾರದೊಳಗೆ ಅವನನ್ನು ಶಾಲೆಯಿಂದ ತೆಗೆಯುವ ಪತ್ರಕ್ಕೆ ಪ್ರಿನ್ಸಿಪಾಲರು, ಅಪಘಾತದ ಮಾತು ಬಿಟ್ಟು, ಆಗಲೇ ಸಹಿ ಹಾಕಿದ್ದರು.

1.30ಕ್ಕೆ ಠಾಣೆಯಲ್ಲಿ ಅವನ ವಿಚಾರಣೆ.

"ಕೀ ಯಾಕೆ ತಗೊಂಡೆ?"

"ಜಾಕೆಟ್ ಮರೆತಿದ್ದೆ."

"ಎಷ್ಟು ಹೊತ್ತಿದ್ದೆ?"

"ಐದು ನಿಮಿಷ. ಕಾವಲುಗಾರ ಮ್ಯಾಚ್ ನೋಡ್ತಿದ್ದ, ತಲೆ ಎತ್ತಲಿಲ್ಲ. ಕೀ ಮೇಜಿನ ಮೇಲಿಟ್ಟು ಬಂದೆ."

"ನೋಡಿದವರು?"

"ಇಲ್ಲ." ಹುಡುಗ ಮುಂದಕ್ಕೆ ಬಾಗಿದ. "ಮೇಡಂ, ವುಕೊಮಾನ್ ಮೇಷ್ಟ್ರನ್ನ ಕೇಳಿ. ನಾನು ಅಂಥವನಲ್ಲ ಅಂತ ಅವರೇ ಹೇಳ್ತಾರೆ."

ದೇಸಾಂಕಾ ಪೆನ್ನು ಕೆಳಗಿಟ್ಟರು.

ನಾಲ್ಕು ಗಂಟೆಗೆ ರಾದೊಯ್ಕೊ ಯಂತ್ರದ ಮೆಮೊರಿಯಿಂದ ಇಳಿಸಿಕೊಂಡ ದಾಖಲೆ ಮುದ್ರಿಸಿದ. ಯಾವ ತಿದ್ದುಪಡಿಯನ್ನು ಯಾವಾಗ ಒತ್ತಿದರು, ಒತ್ತಿದ್ದು ಒತ್ತಿದ ಹಾಗೇ ಅದರಲ್ಲಿತ್ತು. ಒಂದು ಕೈಯಲ್ಲಿ ಬುರೆಕ್ ಎಂಬ ಪದರದ ತಿಂಡಿ ಹಿಡಿದು ಓದುತ್ತಿದ್ದವನು ಕೊನೆಯ ಹಾಳೆಗೆ ಬಂದಾಗ ತಿನ್ನುವುದನ್ನು ಬಿಟ್ಟ. ಮತ್ತೆ ಮೊದಲ ಹಾಳೆಯಿಂದ ಶುರುಮಾಡಿದ.

"ಏನಯ್ಯಾ?"

"ಗುರುವಾರ ಸಂಜೆ 6.52. ಮೈನಸ್ ಇಪ್ಪತ್ತು. ಚುಕ್ಕಿ ಇಲ್ಲ ಮೇಡಂ."

"ದಶಮಾಂಶದ ಚುಕ್ಕಿಯೇ? ಪೂರ್ಣ ಸಂಖ್ಯೆಗೆ ಅದ್ಯಾಕೆ?"

"ಈ ಮಕ್ಕಳಿಗೆ ಮೊದಲ ದಿನದಿಂದ ಹೇಳಿ ಹೇಳಿ ಕಲಿಸಿರ್ತಾರೆ, ಪೂರ್ಣ ಸಂಖ್ಯೆಯಾದ್ರೂ ಕೊನೆಗೆ ಚುಕ್ಕಿ ಒತ್ತಲೇಬೇಕು ಅಂತ. ಜನವರಿಯಿಂದ ಈ ಯಂತ್ರದಲ್ಲಿ 611 ಸಲ ಅಂಕಿ ಒತ್ತಿದಾರೆ. 610ರಲ್ಲಿ ಚುಕ್ಕಿ ಇದೆ. ಒಗ್ನೆನ್ ಒತ್ತಿದ್ದರಲ್ಲೂ ಇದೆ."

"ಹಾಗಾದರೆ ಇದು?"

ರಾದೊಯ್ಕೊ ಕೈ ಒರೆಸಿಕೊಂಡ. "ನಾನು ಕಲಿತ ಹಳೇ ದೊಡ್ಡ ಕಂಪ್ಯೂಟರ್ ಲೇತ್‌ಗಳಲ್ಲಿ ಚುಕ್ಕಿ ಇಲ್ಲದ ಅಂಕಿ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಇಪ್ಪತ್ತು ಒತ್ತಿದ್ರೆ ಸಾವಿರದಲ್ಲಿ ಇಪ್ಪತ್ತು ಭಾಗ, ಅಂದ್ರೆ ಮಿಲಿಮೀಟರಿನ ಎರಡು ನೂರಾಂಶ. ಕಣ್ಣಿಗೆ ಕಾಣಲ್ಲ. ಜಾಬ್ ಅಳತೆ ತಪ್ಪುತ್ತೆ, ಪರೀಕ್ಷೆ ಹೋಗುತ್ತೆ, ಅಷ್ಟೇ. ಈ ಹೊಸ ಯಂತ್ರ ಅದನ್ನ ಇಪ್ಪತ್ತು ಮಿಲಿಮೀಟರ್ ಅಂದ್ಕೊಳ್ಳುತ್ತೆ. ಕೊಲ್ಲೋ ಉದ್ದೇಶ ಇರಲಿಲ್ಲ ಮೇಡಂ. ಒತ್ತಿದ ಕೈ ಹಳೇದು."

"ಹಾಗೆ ಒತ್ತುವವರು ಆ ಶಾಲೆಯಲ್ಲಿ ಯಾರಿದ್ದಾರೆ?"

"ಇವತ್ತು ಆ ವರ್ಕ್‌ಶಾಪ್‌ಗೆ ಹೋದೋರಲ್ಲಿ ಇಬ್ಬರೇ. ಒಬ್ಬ ನಾನು."

ಸಂಜೆ 5.25ಕ್ಕೆ ಅವರು ಮತ್ತೆ ಹೋದಾಗ ವುಕೊಮಾನ್ ಮೇಷ್ಟ್ರು ಒಬ್ಬರೇ ಇದ್ದರು. ರಾದೊಯ್ಕೊ ಐದನೇ ಯಂತ್ರ ಚಾಲೂ ಮಾಡಿದ.

"ಮೇಷ್ಟ್ರೇ, ಎರಡು ನೂರಾಂಶ ಕಡಿಮೆ ಮಾಡಬೇಕು. ಒತ್ತಿ ತೋರಿಸ್ತೀರಾ?"

"ನಾನು ಬಾಯಲ್ಲಿ ಹೇಳೋನು. ಒತ್ತೋದು ಮಕ್ಕಳು."

"ಗೊತ್ತು. ಇವತ್ತು ನೀವೇ ಒತ್ತಿ."

ಮುದುಕರ ತೋರುಬೆರಳು ಮೈನಸ್ ಒತ್ತಿತು. ಎರಡು ಒತ್ತಿತು, ಸೊನ್ನೆ ಒತ್ತಿತು. ಎಂಟರ್ ಮೇಲೆ ಹೋಗಿ ನಿಂತಿತು. ಆಮೇಲೆ ಕೈ ಹಿಂದಕ್ಕೆ ಬಂತು.

"ನೀನೇ ಕಂಡುಹಿಡಿದೆಯಾ?"

"ನೀವೇ ಕಲಿಸಿದ್ದು."

"ಗುರುವಾರ ನನ್ನ ಕೀ ಹಾಕಿ ಒಳಗೆ ಬಂದಾಗ ಕನ್ನಡಕ ಮನೇಲಿತ್ತು ಕಣೋ. ಪರದೆ ನೋಡಲಿಲ್ಲ. ಬೆಳಿಗ್ಗೆ ಶಬ್ದ ಕೇಳಿದಾಗಲೇ ಗೊತ್ತಾಯ್ತು."

ದೇಸಾಂಕಾ ಕೇಳಿದರು: "ಗೊತ್ತಾದ ಮೇಲೂ ಆ ಹುಡುಗನ ಹೆಸರು ಹೇಳಿದಿರಾ?"

ಮೇಷ್ಟ್ರು ಯಂತ್ರ ಆರಿಸಿದರು.

"ಅವನು ನಮಗೇನು ಹೇಳಿದ ಗೊತ್ತಾ?" ರಾದೊಯ್ಕೊನ ದನಿ ಏರಿತು. "ಮೇಷ್ಟ್ರನ್ನ ಕೇಳಿ, ಅವರು ನನ್ನ ಪರ ಹೇಳ್ತಾರೆ ಅಂದ. ಥೂ!"

ಸಂಜೆ 6.10ಕ್ಕೆ ಬಂಧನ. ಒಗ್ನೆನ್‌ನನ್ನು ಆರೋಪದಿಂದ ಬಿಟ್ಟ ಪತ್ರ ಅರ್ಧ ಗಂಟೆಯಲ್ಲಿ ಪ್ರಿನ್ಸಿಪಾಲರ ಕೈ ಸೇರಿತು.

ಹೇಳಿಕೆಯಲ್ಲಿ ವುಕೊಮಾನ್ ತೆರ್ಜಿಚ್ ಕಾರಣ ಬರೆಸಿದರು. ಮುಂದಿನ ವರ್ಷ ಅವರ ನಿವೃತ್ತಿ. ಆ ಜಾಗಕ್ಕೆ ಕಲಿಸುವವರು ಸಿಗದಿದ್ದರೆ ವಿಭಾಗ ಮುಚ್ಚಿ, ಎಂಟು ಯಂತ್ರಗಳೂ ಬೇರೆ ಊರಿಗೆ ಹೋಗುತ್ತವೆ. ಚಳಿಗಾಲದಲ್ಲಿ ಅವರ ಮನೆಯ ಸ್ಲಾವಾ ಹಬ್ಬದ ದಿನ, ಮನೆದೇವರ ಮುಂದಿಟ್ಟ ಬೇಯಿಸಿದ ಗೋಧಿ ತಿಂದು, ಸಹಾಯಕಿಯಾಗಿ ಉಳಿಯುತ್ತೇನೆಂದು ನೆವೆನಾ ಮಾತು ಕೊಟ್ಟಿದ್ದಳು. ಏಪ್ರಿಲ್‌ನಲ್ಲಿ ಶಾಲೆಯ ಪ್ರಿಂಟರ್ ಮೇಲೆ ಅವಳು ಹೊರದೇಶದ ಗ್ರಾಜ್ ನಗರದ ಕಾರ್ಖಾನೆಗೆ ಬರೆದ ಅರ್ಜಿ ಅವರಿಗೆ ಸಿಕ್ಕಿತು. ಅದರೊಂದಿಗಿದ್ದ ಶಿಫಾರಸಿಗೆ ಸಹಿ ಪ್ರಿನ್ಸಿಪಾಲರದು. ಮೇಷ್ಟ್ರನ್ನು ಅವಳು ಕೇಳಿಯೂ ಇರಲಿಲ್ಲ. ಈ ಪರೀಕ್ಷೆಯ ಅಂಕ ಕಡಿಮೆಯಾದರೆ ಅರ್ಜಿ ಬೀಳುತ್ತಿತ್ತು. "ಒಂದು ವರ್ಷ ಉಳಿಯಲಿ ಅಂತ ಮಾಡಿದೆ," ಎಂದು ಬರೆಸಿ ಸಹಿ ಮಾಡಿದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಲ್ಲಿ ದೇಸಾಂಕಾ ಅದನ್ನು ನೆವೆನಾಗೆ ಓದಿ ಹೇಳಿದರು. ಅವಳ ಬಲಗೈಗೆ ಭುಜದವರೆಗೆ ಪಟ್ಟಿ ಕಟ್ಟಿದ್ದರು. ಹುಡುಗಿ ಅಳಲಿಲ್ಲ.

"ಮಾತು ತಪ್ಪಿದ್ದು ನಿಜ," ಎಂದಳು. "ಮುಖ ನೋಡಿ ಹೇಳೋಕೆ ಧೈರ್ಯ ಬರಲಿಲ್ಲ. ಆದ್ರೆ ಎರಡು ನೂರಾಂಶ ಅಂದ್ರಾ? ಅಷ್ಟಕ್ಕೆ ನಾನು ಫೇಲ್ ಆಗ್ತಿರಲಿಲ್ಲ ಮೇಡಂ. ಅರ್ಧ ಮಿಲಿಮೀಟರ್ ಉಳಿಸಿ ಮೊದಲ ಸುತ್ತು ಸವರೋದು, ನಿಲ್ಲಿಸಿ ಅಳೆಯೋದು, ತಪ್ಪಿದ್ರೆ ತಿದ್ದೋದು. ಅವರು ಹಾಗೇ ಕಲಿಸಿದ್ದು. ಅದು ಅವರಿಗೇ ಮರೆತುಹೋಯ್ತಾ?"

ತನಿಖೆಗೆ ಬೇಕಾದ ಮಾತಲ್ಲವೆಂದು ದೇಸಾಂಕಾ ಕಡತ ಮುಚ್ಚಿದರು. ಬಾಗಿಲ ಬಳಿ ನಿಂತಿದ್ದ ರಾದೊಯ್ಕೊ ಮುಂದೆ ಬಂದು ಕಡತವನ್ನು ಮತ್ತೆ ತೆರೆದ.

"ಇದನ್ನೂ ಬರೆದುಕೊಳ್ಳಿ ಮೇಡಂ. ಮೇಷ್ಟ್ರಿಗೆ ಓದಿ ಹೇಳಬೇಕು."