ಮೆಣಸನ ತಟ್ಟೆ

"ಮೇಡಂ, ನಾಯಿ ಕಳೆದುಹೋಗಿದೆ. ನನ್ನದಲ್ಲ, ನನ್ನ ನಂಬಿ ಕೊಟ್ಟಿದ್ದು!" ಫೋನಿನಲ್ಲಿ ಅಳುತ್ತಿದ್ದ ಹುಡುಗಿಯ ದನಿ ಪಕ್ಕದಲ್ಲಿ ಕೂತಿದ್ದ ಗುಂಡಯ್ಯನಿಗೂ ಕೇಳಿಸಿತು.

ಅವನ ಅಕ್ಕ ಗಂಗಾಮಣಿ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿದ್ದರೂ ಸಕಲೇಶಪುರದ ಸುತ್ತ ಯಾರ ಮನೆಯಲ್ಲಿ ಏನು ಕಳೆದರೂ ಆನೇಮಹಲಿನ ಈ ಮನೆಗೇ ಫೋನು ಬರುತ್ತಿತ್ತು. ಗುಂಡಯ್ಯನಿಗೆ ಅದೇ ಹೊಟ್ಟೆಯುರಿ. ಸ್ಕೂಟರ್ ಅವನದು, ಪೆಟ್ರೋಲ್ ಅವನದು, ಚಳಿಗಾಳಿಗೆ ಮರಗಟ್ಟುವ ಕಿವಿಗಳೂ ಅವನವೇ. ಹೆಸರು ಮಾತ್ರ ಅಕ್ಕನಿಗೆ. ಈ ಸಲವಾದರೂ ತಾನೇ ಮೊದಲು ಕಳ್ಳನನ್ನು ಹಿಡಿಯಬೇಕೆಂದು ಹಟ ತೊಟ್ಟು, ಅಕ್ಕನನ್ನು ಹಿಂದೆ ಕೂರಿಸಿಕೊಂಡು ಅವನು ಸ್ಕೂಟರ್ ಹೊರಡಿಸಿದ.

ಫೋನು ಬಂದದ್ದು ಯಸಳೂರಿನ ಹತ್ತಿರದ ಕಾಫಿ ಎಸ್ಟೇಟಿನಿಂದ. ಯಜಮಾನ ರಂಗಸ್ವಾಮಿ, ಹೆಂಡತಿ ಚೆಲುವಮ್ಮ. ಫೋನು ಮಾಡಿದವಳು ಸೊಸೆ ನವ್ಯಶ್ರೀ, ಹಾಸನದ ಪೇಟೆಯಲ್ಲಿ ಬೆಳೆದ ಹುಡುಗಿ. ಬೀದಿಪ್ರಾಣಿಗಳ ಆಶ್ರಯವೊಂದರಲ್ಲಿ ಜಾಗ ಸಾಲದ ನಾಯಿಗಳನ್ನು, ಅವಕ್ಕೆ ಕಾಯಂ ಮನೆ ಸಿಗುವ ತನಕ, ತನ್ನ ಮನೆಯಲ್ಲಿಟ್ಟು ಸಾಕಿಕೊಡುವುದು ಅವಳು ಇಷ್ಟಪಟ್ಟು ಒಪ್ಪಿಕೊಂಡ ಕೆಲಸ. ಹಾಗೆ ಬಂದವನು ಮೆಣಸ. ಕರಿಮೆಣಸಿನ ಬಣ್ಣ, ಒಂದು ಕಾಲು ಕುಂಟು.

"ಇವತ್ತು ಮಧ್ಯಾಹ್ನ ಹಾಸನದಿಂದ ಒಂದು ಕುಟುಂಬ ಬಂದು ಕರ್ಕೊಂಡು ಹೋಗೋದಿತ್ತು ಮೇಡಂ," ಎಂದಳು ನವ್ಯಶ್ರೀ. "ಬೆಳಿಗ್ಗೆ ಆಳುಗಳು ಕಣದಲ್ಲಿ ಕಾಫಿ ಒಣಹಾಕಿ ತೋಟಕ್ಕೆ ಹೋದ ಮೇಲೆ, ಸ್ನಾನ ಮಾಡಿಸಿ ಕಣದ ಪಕ್ಕ ಬಿಸಿಲಿಗೆ ಕಟ್ಟಿದ್ದೆ. ಒಳಗೆ ಹೋಗಿ ಬರೋದ್ರೊಳಗೆ ಇಲ್ಲ, ಬೊಗಳಿದ್ದೂ ಕೇಳಿಸ್ಲಿಲ್ಲ. ಇನ್ಮೇಲೆ ಆಶ್ರಯದವರು ನನ್ನನ್ನ ನಂಬಿ ಒಂದು ಬೆಕ್ಕಿನ ಮರಿಯನ್ನೂ ಕೊಡಲ್ಲ."

"ಚಿರತೆ ಹೊತ್ಕಂಡ್ ಹೋಗ್ಬುಟ್ಟದೇನೋ," ಎಂದಳು ಚೆಲುವಮ್ಮ, ಕಾಫಿ ಲೋಟ ಮುಂದಿಡುತ್ತ.

"ಚಿರತೆ ಹಗ್ಗ ಬಿಚ್ಚುತ್ತಾ ಚೆಲುವಮ್ಮ?" ಗಂಗಾಮಣಿ ಗೂಟದ ಬುಡದಲ್ಲಿ ಬಿದ್ದಿದ್ದ ಹಗ್ಗ ಎತ್ತಿ ನೋಡಿದಳು. "ಅವನ ಊಟದ ತಟ್ಟೆ ಎಲ್ಲಿ?"

ಎಲ್ಲರೂ ಹುಡುಕಿದರು. ತಟ್ಟೆಯೂ ಇರಲಿಲ್ಲ.

ಜಗುಲಿಯ ಕೆಳಗೆ ರಂಗಸ್ವಾಮಿ ಗಂಬೂಟು ಹಾಕಿಕೊಂಡು ಮಂಕಾಗಿ ಕೂತಿದ್ದ. ಪಕ್ಕದಲ್ಲಿ ಆಗಷ್ಟೇ ಕುಯ್ದ ಹಲಗೆಗಳು, ಅರ್ಧ ಎದ್ದ ನಾಯಿಗೂಡು. "ಬೆಳಿಗ್ಗೆ ‘ಊಟ ಆಯ್ತೇನೋ ಮಗ’ ಅಂತ ಕೇಳ್ದೆ. ಬಾಲ ಅಲ್ಲಾಡಿಸ್ತು ಕಣ್ರೀ," ಎಂದು ಮೂಗೊರೆಸಿಕೊಂಡ. ಮುದುಕನ ಕೈ ಸುಮ್ಮನಿರದು ಎಂದುಕೊಂಡ ಗುಂಡಯ್ಯ ಗೂಡಿನ ಕಡೆ ಮತ್ತೆ ನೋಡಲಿಲ್ಲ. ಅವನ ಕಣ್ಣು, ಗಲಾಟೆ ಕೇಳಿ ಬಂದು ನಿಂತಿದ್ದ ಪಕ್ಕದ ಮನೆಯ ಸುಲೋಚನಮ್ಮನ ಮೇಲಿತ್ತು.

ಯಸಳೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಸುಲೋಚನಮ್ಮನೂ ಆಶ್ರಯದ ನಾಯಿಯೊಂದನ್ನು ತಂದು ಸಾಕಿದ್ದಳು. ಅದನ್ನು ತಮಗೆ ಬೇಕೆಂದು ಯಾರೂ ಕೇಳಲಿಲ್ಲ. ಮೆಣಸನ ಫೋಟೋಗೆ ಮಾತ್ರ ಆಶ್ರಯದ ವಾಟ್ಸ್ಯಾಪ್ ಗುಂಪಿನವರೆಲ್ಲ ಮುಗಿಬಿದ್ದಿದ್ದರು. "ಕದ್ದಿದ್ದು ಅವರೇ," ಎಂದು ನವ್ಯಶ್ರೀ ಬೆರಳು ತೋರಿಸಿದ್ದೇ ತಡ, ಸುಲೋಚನಮ್ಮ ಸಿಡಿದಳು.

"ಹೊಟ್ಟೆಕಿಚ್ಚು ಐತೆ ಕಣಮ್ಮ, ಇಲ್ಲ ಅನ್ನಲ್ಲ! ನಾನು ಮಗೀನಂಗೆ ಸಾಕಿದ್ದು ವಾಪಸ್ ಹೋಯ್ತು, ನಿನ್ನ ಕುಂಟಂಗೆ ಹಾಸನದ ಮನೆ. ಉರೀದೆ ಇರ್ತದಾ? ಆದ್ರೆ ಕಳ್ಳಿ ಅಲ್ಲ ನಾನು."

"ಒಪ್ಪಿಕೊಂಡೇ ಬಿಟ್ಟಳಲ್ಲ," ಎಂದು ಗುಂಡಯ್ಯ ಹಿಗ್ಗಿದ. ಗಂಗಾಮಣಿ ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಕಣವನ್ನೇ ನೋಡುತ್ತಿದ್ದಳು. ಆಳುಗಳು ಕಾಫಿಯನ್ನು ಉದ್ದುದ್ದ ಸಾಲಾಗಿ ಎಳೆದು ಹೋಗಿದ್ದರು. ಆ ಸಾಲುಗಳಿಗೆ ಅಡ್ಡಲಾಗಿ, ಗೂಟದಿಂದ ಆಚೆ ತುದಿಯ, ಹಿಂದೆ ಕಾಫಿಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಹಳೆ ಪಲ್ಪರ್ ಮನೆಯವರೆಗೆ, ಕಾಲೆಳೆದುಕೊಂಡು ಹೋದ ಹಾಗೆ ಎರಡು ಸಣ್ಣ ಗೆರೆಗಳು, ಪಕ್ಕದಲ್ಲೇ ನಾಯಿಯ ಹೆಜ್ಜೆ. ಅವಳು ಕಣವನ್ನು ಬಳಸಿಕೊಂಡು ಹೋಗಿ ಆ ಮನೆಯ ಮೆಟ್ಟಿಲ ಮೇಲೆ ಕೂತಳು.

"ಎಲ್ಲರೂ ಇಲ್ಲಿ ಬನ್ನಿ. ನಾಯಿ ವಿಷಯ ಇತ್ಯರ್ಥ ಮಾಡೋಣ."

ನವ್ಯಶ್ರೀ ಕಣದ ಅಂಚು ಹಿಡಿದು ಸುತ್ತಿ ಬಂದಳು. ಸುಲೋಚನಮ್ಮ ಸೀರೆ ಎತ್ತಿ ಹಿಡಿದು, ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತ ಕಾಫಿ ದಾಟಿದಳು. ರಂಗಸ್ವಾಮಿ ಗಂಬೂಟು ಎಳೆದುಕೊಂಡು, ಚೆಲುವಮ್ಮ ಬರಿಗಾಲು ಎಳೆದುಕೊಂಡು ಬಂದರು.

"ಸಾಕು, ಗೊತ್ತಾಯ್ತು," ಎಂದಳು ಗಂಗಾಮಣಿ. "ಕಾಫಿ ತೋಟದವರು ಕಣದ ಮೇಲೆ ಕಾಲೆತ್ತಿ ನಡೆಯಲ್ಲ. ದಾಟುವಾಗಲೇ ಕಾಲಲ್ಲಿ ಕಾಫಿ ಮಗುಚಿಕೊಂಡು ಹೋಗ್ತಾರೆ, ಅಡಿಯದ್ದೂ ಒಣಗಲಿ ಅಂತ. ನಾಯಿ ಕದ್ದವರ ಕಾಲೂ ಆ ಅಭ್ಯಾಸ ಬಿಡಲಿಲ್ಲ. ಸುಲೋಚನಮ್ಮನ ಹೆಜ್ಜೆ ನೋಡಿ, ಗುಂಡಿ ಗುಂಡಿ. ನವ್ಯ ಕಾಫಿ ತುಳಿಯೋದೇ ಇಲ್ಲ. ಗಂಬೂಟಿನ ಗೆರೆ ಅಗಲ. ಕಳ್ಳರ ಗೆರೆ ಸಣ್ಣದು, ಬರಿಗಾಲಿನದು."

ಚೆಲುವಮ್ಮನ ಮುಖ ಬಿಳಿಚಿತು.

"ಆದರೆ ಅಕ್ಕ," ಗುಂಡಯ್ಯ ಸೋಲೊಪ್ಪಲಿಲ್ಲ, "ಮಧ್ಯಾಹ್ನ ಹೇಗೂ ತೊಲಗೋ ನಾಯಿನ ಅವರ್ಯಾಕೆ ಬಚ್ಚಿಡ್ತಾರೆ?"

"ತೊಲಗೋ ನಾಯಿಗೆ ಯಾರಾದ್ರೂ ಗೂಡು ಕಟ್ತಾರಾ ಗುಂಡ? ಹಲಗೆ ನೀನೂ ನೋಡಿದೆ."

ರಂಗಸ್ವಾಮಿ ತಲೆ ತಗ್ಗಿಸಿದ. "ನಿನ್ನೆನೇ ಹಾಸನದೋರಿಗೆ ಫೋನ್ ಮಾಡಿ ಬರಬ್ಯಾಡಿ ಅಂದ್ಬುಟ್ಟೆ. ಇನ್ನೊಬ್ರ ಹಿಂದೆ ಬಾಲ ಅಲ್ಲಾಡಿಸ್ಕಂಡ್ ಹೋಗೋದು ನೋಡಕ್ಕಾಗಲ್ಲ ಅನ್ನಿಸ್ತು. ಸೊಸೆಗೆ ಹೇಳಕ್ಕೆ ನಾಚ್ಕೆ."

"ಆ ಫೋನು ಒಳಗಿದ್ದವರಿಗೆ ಕೇಳಿಸಿತು," ಎಂದಳು ಗಂಗಾಮಣಿ. "ನಾಯಿ ಇನ್ನು ಹೋಗಲ್ಲ ಅಂತ ಗೊತ್ತಾಯ್ತು. ಬಚ್ಚಿಟ್ಟರೂ ಉಪವಾಸ ಕೆಡವೋಕೆ ಮನಸ್ಸು ಬರಲಿಲ್ಲ, ತಟ್ಟೆ ತುಂಬ ಅನ್ನ ಹಾಕಿಕೊಂಡೇ ಬಂದರು. ಅದಕ್ಕೇ ಅವನು ಬೊಗಳಲಿಲ್ಲ. ಅಲ್ವಾ ಚೆಲುವಮ್ಮ?"

"ಹೌದು, ನಾನೇ." ಚೆಲುವಮ್ಮ ತಲೆಯೆತ್ತಿದಳು. "ಸಂಜೆ ಬಸ್ಸಿಗೆ ಆಶ್ರಯಕ್ಕೆ ಬುಟ್ಟು ಬರಾನ ಅಂತಿದ್ದೆ. ಈ ಮನೆಗೆ ಬಂದಾಗಿಂದ ಇವರಿಗೆ ಬಡಿಸ್ತಾ ಇವ್ನಿ. ಒಂದಿನ, ಒಂದೇ ಒಂದಿನ, ನಿಂದು ಊಟ ಆಯ್ತಾ ಅಂತ ಕೇಳಿಲ್ಲ. ಆ ನಾಯಿನ ಹೊತ್ತೊತ್ತಿಗೂ ಕೇಳ್ತಾರೆ. ಅಡುಗೆಮನೇಲಿ ನಿಂತು ಕೇಳಿಸ್ಕಂಡು ಕೇಳಿಸ್ಕಂಡು ಹೊಟ್ಟೇಲಿ ಕೆಂಡ ಸುರಿದಂಗಾಯ್ತು ಕಣಮ್ಮ. ನಾಯಿ ಮೇಲೆ ಹೊಟ್ಟೆಕಿಚ್ಚು ಅಂತ ಯಾರ ಹತ್ರ ಹೇಳಾದು?"

ಯಾರೂ ನಗಲಿಲ್ಲ. ಆ ಉರಿ ಎಂಥದೆಂದು ಗುಂಡಯ್ಯನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಅವನೇ ಎದ್ದು ಪಲ್ಪರ್ ಮನೆಯ ಬಾಗಿಲು ತೆಗೆದ. ಮೆಣಸ ಕುಂಟುತ್ತ ಬಂದು ರಂಗಸ್ವಾಮಿಯ ಗಂಬೂಟಿನ ಪಕ್ಕ ಕೂತ. ನವ್ಯಶ್ರೀ ಒಳಗಿನಿಂದ ಖಾಲಿ ತಟ್ಟೆ ತಂದಳು.

ರಂಗಸ್ವಾಮಿ ನಾಯಿಯನ್ನು ಮುಟ್ಟಲಿಲ್ಲ. ಹೆಂಡತಿಯ ಕಡೆ ತಿರುಗಿ ಕೇಳಿದ: "ನಿಂದು... ಊಟ ಆಯ್ತಾ?"

ಪರಿಚಯದ ಮಾತು ಕೇಳಿ ಮೆಣಸ ಎದ್ದು ಬಾಲ ಅಲ್ಲಾಡಿಸಿದ.

"ನಿಂಗಲ್ಲ ಕಣೋ ಮಗ, ಕೂತ್ಕೋ." ರಂಗಸ್ವಾಮಿ ಮತ್ತೆ ಹೆಂಡತಿಯ ಕಡೆ ತಿರುಗಿದ. "ಹಾಸನದೋರಿಗೆ ಈಗ್ಲೇ ಫೋನ್ ಮಾಡ್ತೀನಿ. ಬಂದು ಕರ್ಕಂಡ್ ಹೋಗ್ಲಿ."

ಚೆಲುವಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಸೊಸೆಯ ಕೈಯಿಂದ ತಟ್ಟೆ ಇಸಿದುಕೊಂಡಳು.

"ಇರ್ಲಿ ಬುಡಿ. ಅದು ಬಂದ್ಮೇಲೇ ನಿಮ್ಮ ಬಾಯಿಗೆ ಆ ಮಾತು ಬಂದಿದ್ದು," ಎಂದಳು. "ನಂದಿನ್ನೂ ಊಟ ಆಗಿಲ್ಲ."