ನೂಲಿಗೆ ಇಟ್ಟ ಹೆಸರು

ಕೂದಲೆಳೆಗಿಂತ ತುಸುವೇ ದಪ್ಪಗಿದ್ದ ನೂಲು ಮೂತ್ರದ ದಾರಿಯಿಂದ ಒಳಹೊಕ್ಕು, ಮೂತ್ರಕೋಶವನ್ನು ದಾಟಿ, ಎಡ ಮೂತ್ರನಾಳದಲ್ಲಿ ಮೈ ಕುಗ್ಗಿಸುತ್ತ ಹಿಗ್ಗಿಸುತ್ತ ಮೇಲೇರುತ್ತಿತ್ತು. ಅದನ್ನು ಯಾರೂ ಕೈಯಿಂದ ತಳ್ಳುತ್ತಿರಲಿಲ್ಲ. ಡಾ. ಇಂದುಮತಿ ಗಲಗಲಿ ಮೇಜಿನಿಂದ ನಾಲ್ಕು ಹೆಜ್ಜೆ ಆಚೆ ನಿಂತು ಮಾತಿನಲ್ಲೇ ಅಪ್ಪಣೆ ಕೊಡುತ್ತಿದ್ದಳು. "ನಿಲ್ಲು. ಹೊರಳು. ಸೀಳು." ನೂಲು ಕೇಳಿದಷ್ಟನ್ನೇ ಮಾಡುತ್ತಿತ್ತು.

ಎದೆಯಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಗಿರಿಮಲ್ಲವ್ವ ಎಚ್ಚರವಾಗಿಯೇ ಇದ್ದು ಪರದೆ ನೋಡುತ್ತಿದ್ದಳು. ಜಮಖಂಡಿ ಕಡೆಯ ಈ ಹೆಂಗಸು ಹುಡುಗಿಯರಿಗೆ ಕುಸ್ತಿ ಕಲಿಸುವ ವಸ್ತಾದಿ. ಅವಳ ಎಡ ಕಿಡ್ನಿಯಿಂದ ನಾಳ ಹೊರಡುವ ಜಾಗ ಹುಟ್ಟಿನಿಂದಲೇ ಕಿರಿದಾಗಿತ್ತು. ಮೂತ್ರ ಅಲ್ಲೇ ಕಟ್ಟಿಕೊಂಡು ಕಿಡ್ನಿ ಬಲೂನಿನಂತೆ ಊದಿತ್ತು.

"ಇದೇನ್ರೀ ಡಾಕ್ಟ್ರ, ನನ್ನ ಹೊಟ್ಟ್ಯಾಗ ಎರಿಹುಳ ಬಿಟ್ಟೀರಲ್ಲ!"

"ಎರಿಹುಳ ಹೊಲಾ ಹಸನ ಮಾಡತೈತಿ. ಇದು ನಿಮ್ಮ ಕಿಡ್ನಿ ಹಸನ ಮಾಡತೈತಿ," ಎಂದು ಇಂದುಮತಿ ನಕ್ಕಳು.

ನೂಲು ಕಿರಿದಾದ ಜಾಗವನ್ನು ಒಳಗಿನಿಂದ ಉದ್ದಕ್ಕೆ ಸೀಳಿ ಅಗಲಿಸಿ, ಸೋರದಂತೆ ಅಂಟು ಹಚ್ಚಿ, ಬಂದ ದಾರಿಯಲ್ಲೇ ಇಳಿದು ಬಂತು. ಮೈಮೇಲೆ ಒಂದು ಗೀರೂ ಇಲ್ಲ. ಅದು ೨೦೫೮. ಇಂದುಮತಿ ಈ ನೂಲನ್ನು ಕಂಡುಹಿಡಿದು ಏಳು ವರ್ಷವಾಗಿತ್ತು. ಐದು ಕಂಪನಿಗಳು ಅವಳ ಅನುಮತಿ ಪಡೆದು ಅದನ್ನು ತಯಾರಿಸುತ್ತಿದ್ದವು. ಒಂದೇ ಚಿಕಿತ್ಸೆಗೆ ಊರಿಗೊಂದು ಹೆಸರು: ಒಂದು ಕಡೆ ಸೊನ್ನೆಕೊಯ್ತ, ಇನ್ನೊಂದು ಕಡೆ ಒಳದಾರಿ, ಮತ್ತೊಂದು ಕಡೆ ನೂಲುಮದ್ದು. ಇಂದುಮತಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ 'ಗಾಯರಹಿತ' ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆ ಪದ ಅವಳಿಗೂ ಹಿಡಿಸಿತ್ತು. ಕೇಳಿದೊಡನೆ ರೋಗಿಗಳ ಮುಖ ಅರಳುತ್ತಿತ್ತು.

ಆರನೆಯ ದಿನ ಗಿರಿಮಲ್ಲವ್ವನನ್ನು ಅವಳ ಶಿಷ್ಯೆಯರು ಹೊತ್ತು ತಂದರು. ಚಳಿಜ್ವರಕ್ಕೆ ಹಲ್ಲು ಕಟಕಟ ಎನ್ನುತ್ತಿದ್ದವು. ಪಟ್ಟು ತೋರಿಸಿಕೊಡಲು ಅರವತ್ತು ಕಿಲೋ ಹುಡುಗಿಯನ್ನು ಹೆಗಲ ಮೇಲೆ ಎತ್ತಿದ್ದಳಂತೆ. ಒಳಗಿನ ಸೀಳು ಬಿಚ್ಚಿ, ಮೂತ್ರ ಹೊರಗೆ ಸೋರಿ, ಕೀವಾಗಿತ್ತು.

ಇಂದುಮತಿ ಬೆನ್ನಿನಿಂದ ನಳಿಗೆ ಹಾಕಿ ಕೀವು ತೆಗೆದು, ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಜೀವ ಉಳಿಸಿದಳು. ಕಿಡ್ನಿ ಮಾತ್ರ ಅರ್ಧಕ್ಕರ್ಧ ಸತ್ತಿತ್ತು. ಆಮೇಲೆ ಬಿಡುಗಡೆ ಚೀಟಿ ತರಿಸಿ ನೋಡಿದಳು. ಆಸ್ಪತ್ರೆಯ ಗಣಕಯಂತ್ರ 'ಗಾಯರಹಿತ' ಎಂಬ ಹೆಸರು ನೋಡಿ, ನೂಲಿನಿಂದ ಕಿಡ್ನಿಯ ಕಲ್ಲು ಪುಡಿಮಾಡಿಸಿಕೊಂಡವರಿಗೆ ಕೊಡುವ ಸೂಚನೆಯನ್ನೇ ಅಚ್ಚು ಹಾಕಿತ್ತು: 'ನಾಳೆಯಿಂದ ಎಲ್ಲ ಕೆಲಸ ಮಾಡಬಹುದು.' ಕಲ್ಲು ಪುಡಿಮಾಡುವಾಗ ನೂಲು ಎಲ್ಲಿಯೂ ಕೊಯ್ಯುವುದಿಲ್ಲ. ಆದರೂ ಎರಡಕ್ಕೂ ಹೆಸರು ಒಂದೇ.

"ಗಾಯ ಇಲ್ಲಂತ ಬರದಿದ್ರಿ," ಎಂದಳು ಗಿರಿಮಲ್ಲವ್ವ.

"ಹೊರಗ ಇರಲಿಲ್ಲವ್ವ. ಒಳಗ ಇತ್ತು."

"ನಾ ಇರೂದು ಒಳಗ ಅಲ್ಲೇನ್ರೀ?"

ಇಂದುಮತಿ ಬಿಡುಗಡೆ ಚೀಟಿಯನ್ನು ಮತ್ತೆ ನೋಡಿದಳು. ಚೀಟಿಯ ಕೆಳಗೆ ಇದ್ದದ್ದು ಅವಳದೇ ಸಹಿ.

ಎರಡು ತಿಂಗಳ ಮೇಲೆ ಮಂಗಳೂರಿನಲ್ಲಿ ಪದಸಮಿತಿ ಸೇರಿತು. ಜಗತ್ತಿನ ಮೂವತ್ತೊಂದು ಮಂದಿ ತಜ್ಞರು ಕೂತು ನೂಲಿನ ಚಿಕಿತ್ಸೆಗಳಿಗೆಲ್ಲ ಒಂದೇ ಹೆಸರು ಗೊತ್ತುಮಾಡಬೇಕಿತ್ತು. ಅಧ್ಯಕ್ಷರು ಡಾ. ವಾಲ್ಟರ್ ಸಿಕ್ವೇರಾ, ಇಂದುಮತಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಗುರುಗಳು. ಅವರು ಸೂಚಿಸಿದ ಹೆಸರೇ 'ಗಾಯರಹಿತ'.

ಇಂದುಮತಿ ಎದ್ದು ನಿಂತು ಬೇರೆಯ ಕ್ರಮವನ್ನು ಮುಂದಿಟ್ಟಳು. ಹೆಸರಿನಲ್ಲಿ ಮೂರು ಸಂಗತಿ ಇರಲೇಬೇಕು: ನೂಲು ಹೊಕ್ಕ ದಾರಿ, ಕೊಯ್ದ ಜಾಗ, ಮಾಯಲು ಬೇಕಾದ ದಿನ. ಗಿರಿಮಲ್ಲವ್ವನಿಗೆ ಆದದ್ದು 'ಮೂತ್ರದಾರಿ, ನಾಳದ ಕುತ್ತಿಗೆಯ ಸೀಳು, ನಲವತ್ತು ದಿನ'. ಕೊಯ್ಯದೇ ಇದ್ದರೆ 'ಕೊಯ್ತ ಇಲ್ಲ' ಎಂದೇ ಹೇಳಬೇಕು.

"ಇಂದು, ಸೀಳು ಎಂಬ ಮಾತು ಕೇಳಿದರೆ ಜನ ಹೆದರುತ್ತಾರೆ," ಎಂದರು ಸಿಕ್ವೇರಾ. "ಹೆದರಿ ಮನೆಯಲ್ಲಿ ಕೂತವನ ಕಿಡ್ನಿ ಹೋದರೆ ಯಾರು ಹೊಣೆ? ನಲವತ್ತು ವರ್ಷದಲ್ಲಿ ಅಂಥವರನ್ನು ಎಷ್ಟು ಜನ ನೋಡಿದ್ದೇನೆ ಗೊತ್ತುಂಟಾ ನಿನಗೆ?"

"ಗೊತ್ತು ಸರ್. ಹೆದರಿದವರಿಗೆ ಕೂತು ಬಿಡಿಸಿ ಹೇಳಬಹುದು. ಸುಳ್ಳು ನಂಬಿ ಹೋದವರನ್ನು ಎಲ್ಲಿ ಅಂತ ಹುಡುಕಲಿ?"

ಅವಳು ಜೊತೆಯಲ್ಲಿ ಕರೆತಂದಿದ್ದ ಗಿರಿಮಲ್ಲವ್ವ ಹಿಂದಿನ ಸಾಲಿನಿಂದ ಎದ್ದಳು. ರೋಗಿಗಳಿಗೆ ಮಾತಾಡುವ ಅವಕಾಶವಿಲ್ಲ ಎಂದು ಯಾರೋ ಹೇಳಿದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮ ಕುಸ್ತ್ಯಾಗ ಒಂದೊಂದು ಪಟ್ಟಿಗೂ ಒಂದೊಂದ ಹೆಸರು ಐತ್ರಿ. ಧೋಬಿ ಪಟ್ಟು ಅಂತ ನಾ ಕೂಗಿದ್ನಿ ಅಂದ್ರ ಹುಡುಗಿ ಅದನ್ನ ಹಾಕಬೇಕು. ನಾ ಒಂದು ಕೂಗಿ ಅಕಿ ಒಂದು ತಿಳಕೊಂಡ್ರ ಗೋಣು ಮುರೀತೈತಿ. ಮಣ್ಣಾಗ ಆಡೋ ನಮಗ ಇಷ್ಟು ತಿಳೀತೈತಿ. ಓದಿದವ್ರು, ನಿಮಗ್ಯಾಕ ತಿಳೀವಲ್ದು?"

ಕೆಲವರು ತಲೆದೂಗಿದರು. ಆದರೂ ಮತ ಹಾಕಿದಾಗ ಇಂದುಮತಿಯ ಕಡೆ ಎಂಟು, ಎದುರಿಗೆ ಇಪ್ಪತ್ತಮೂರು.

"ಒಪ್ಪಿಬಿಡು. ಮೂಲ ಕರ್ತೃ ಎಂದು ನಿನ್ನ ಹೆಸರೇ ಮೊದಲು ಬರುತ್ತದೆ," ಎಂದು ಸಿಕ್ವೇರಾ ಕಾಗದವನ್ನು ಮುಂದೆ ಸರಿಸಿದರು.

"ನನ್ನ ಹೆಸರು ತೆಗೆದುಹಾಕಿ ಸರ್." ಅವಳು ಕಾಗದವನ್ನು ಹಿಂದಕ್ಕೆ ಸರಿಸಿದಳು. "ನೀವು ಪುಸ್ತಕದಲ್ಲಿ ಏನು ಬೇಕಾದರೂ ಬರೆಯಿರಿ. ನೂಲು ಯಾವ ಮಾತಿಗೆ ಮಿಸುಕಬೇಕು ಎಂಬ ಆಜ್ಞಾಪಟ್ಟಿ ಇನ್ನೂ ನನ್ನ ಹಕ್ಕಿನಲ್ಲಿದೆ."

ಊರಿಗೆ ಬಂದವಳೇ ಅದನ್ನು ಬದಲಾಯಿಸಿದಳು. ಇನ್ನು ಮೇಲೆ ವೈದ್ಯರು ಮೂರೂ ಸಂಗತಿಗಳನ್ನು ರೋಗಿಯ ಎದುರು, ರೋಗಿಯ ನುಡಿಯಲ್ಲಿ ಹೇಳಬೇಕು. ರೋಗಿ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಅಲ್ಲಿಯವರೆಗೆ ನೂಲು ಮಿಸುಕುವುದಿಲ್ಲ.

ಒಪ್ಪಂದ ರದ್ದು ಮಾಡುತ್ತೇವೆಂದು ಕಂಪನಿಗಳು ಗುಡುಗಿದವು. "ಮಾಡಿರಿ," ಎಂದಳು. ಎರಡು ಕಂಪನಿಗಳು ಬಿಟ್ಟುಹೋಗಿ ತಮ್ಮದೇ ನೂಲು ಮಾಡಿಕೊಂಡವು. ಇಡೀ ದಿನ ಬರೀ ಮಾತಾಡುವುದೇ ಆಯಿತು ಎಂದು ವೈದ್ಯರು ಶಪಿಸಿದರು. ಗುರುಗಳು ಹೇಳಿದ್ದು ಪೂರ್ತಿ ಸುಳ್ಳೇನೂ ಆಗಲಿಲ್ಲ. ಮೊದಲ ನಾಲ್ಕು ತಿಂಗಳಲ್ಲಿ ಹಲವರು 'ಸೀಳು' ಎಂದೊಡನೆ ಎದ್ದು ಹೋದರು. ಅವರಲ್ಲಿ ಇಂಡಿ ಊರಿನ ಶಿಕ್ಷಕ ರಾಚಯ್ಯ ಎಂಬವರ ಕಿಡ್ನಿ ಮುಂದೆ ಕೆಲಸ ನಿಲ್ಲಿಸಿತು. ಸುದ್ದಿ ಕೇಳಿ ಇಂದುಮತಿ ಎರಡು ದಿನ ಆಸ್ಪತ್ರೆಗೆ ಹೋಗಲಿಲ್ಲ. ಮೂರನೆಯ ದಿನ ಹೋದಳು. ಎದ್ದು ಹೋದವರ ಮನೆಗೆ ಹುಡುಕಿಕೊಂಡು ಹೋಗಿ ಮಾತಾಡಲು ಇಬ್ಬರು ದಾದಿಯರನ್ನು ನೇಮಿಸಿದಳು. ಆಜ್ಞಾಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ.

ಆಮೇಲೆ ಯಾರೂ ಎಣಿಸದಿದ್ದದ್ದು ನಡೆಯಿತು. ಗಿರಿಮಲ್ಲವ್ವನ ಗರಡಿಯ ಹುಡುಗಿಯರು, ಅವರ ತಾಯಂದಿರು, ಆ ತಾಯಂದಿರ ನೆಂಟರು ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಮೂರೇ ಪ್ರಶ್ನೆ ಕೇಳತೊಡಗಿದರು. ಎಲ್ಲಿಂದ ಹೋಗ್ತೀರಿ? ಎಲ್ಲಿ ಕೊಯ್ತೀರಿ? ಎಷ್ಟು ದಿನಕ್ಕ ಮಾಯತೈತಿ? ಹೃದಯದವರನ್ನು ಕೇಳಿದರು, ಕಣ್ಣಿನವರನ್ನು ಕೇಳಿದರು. ಉತ್ತರ ಕೊಡಲಾರದವರ ಬಾಗಿಲಲ್ಲಿ ಚಪ್ಪಲಿಗಳು ಕಡಿಮೆಯಾದವು. ಮೂರನೆಯ ವರ್ಷ ಪದಸಮಿತಿ ಮತ್ತೆ ಸೇರಿ 'ಗಾಯರಹಿತ' ಎಂಬ ಪದವನ್ನು ಹೊಡೆದುಹಾಕಿತು. ಮೊದಲು ಕೈ ಎತ್ತಿದವರು ಸಿಕ್ವೇರಾ.

ಹೊಸ ಪದಕೋಶಕ್ಕೆ ಮುನ್ನುಡಿ ಬರೆಯಬೇಕಾಗಿ ಬಂದಾಗ ಇಂದುಮತಿ ಆಸ್ಪತ್ರೆಯ ದಾಖಲೆ ಕೋಣೆಯಿಂದ ನೂಲು ಹುಟ್ಟುವುದಕ್ಕೂ ಮೊದಲಿನ ಹಳೆಯ ಒಪ್ಪಿಗೆ ಪತ್ರಗಳ ಒಂದು ಕಟ್ಟನ್ನು ತರಿಸಿದಳು. ಮೇಲಿನ ಹಾಳೆ ಹಳದಿಗಟ್ಟಿತ್ತು. ಚಿಕಿತ್ಸೆಯ ಹೆಸರು ಇಂಗ್ಲಿಷಿನ ನಾಲ್ಕು ಅಕ್ಷರಗಳ ಸಂಕ್ಷೇಪ. ಇಷ್ಟು ವರ್ಷ ಇದೇ ಕೆಲಸ ಮಾಡಿದ ಅವಳಿಗೂ ಅದರ ಅರ್ಥ ಹೊಳೆಯಲಿಲ್ಲ. ಅದರ ಕೆಳಗೆ, 'ಎಲ್ಲವನ್ನೂ ನನ್ನ ಭಾಷೆಯಲ್ಲಿ ನನಗೆ ತಿಳಿಸಿ ಹೇಳಿದ್ದಾರೆ' ಎಂಬ ವಾಕ್ಯ. ಅದೂ ಇಂಗ್ಲಿಷಿನಲ್ಲೇ ಅಚ್ಚಾಗಿತ್ತು. ಆ ವಾಕ್ಯದ ಮುಂದೆ ನೀಲಿ ಶಾಯಿಯಲ್ಲಿ ಒಂದು ಹೆಬ್ಬೆಟ್ಟು.

ತಾರೀಖು, ೨೦೨೬ರ ಫೆಬ್ರುವರಿ.